ಮಂಗೋಲರ ನೌಕಾಪಡೆಯನ್ನು ತಡೆದ ಮರದ ಗೂಟಗಳು

ಇಡೀ ಚೀನಾವನ್ನು ಗೆದ್ದು ಯುವಾನ್ ವಂಶವನ್ನು ಸ್ಥಾಪಿಸಿದ ಮಂಗೋಲ್ ಚಕ್ರವರ್ತಿ ಕುಬ್ಲಾ ಖಾನ್‌ಗೆ ದಕ್ಷಿಣದ ಪುಟ್ಟ ರಾಜ್ಯವೊಂದು ಮಣಿಯಲಿಲ್ಲ. ಅದೇ ದಾಯ್ ವಿಯೆಟ್, ಅಂದರೆ ಇಂದಿನ ಉತ್ತರ ವಿಯೆಟ್ನಾಂ. ಮಂಗೋಲರು 1258 ಮತ್ತು 1285ರಲ್ಲಿ ದಂಡೆತ್ತಿ ಹೋಗಿ ಹಿಂದಿರುಗಿದ್ದರು. 1287ರ ಕೊನೆಗೆ ಕುಬ್ಲಾ ತನ್ನ ಮಗ ತೋಘಾನ್‌ನ ನಾಯಕತ್ವದಲ್ಲಿ ಮೂರನೆಯ ಸಲ ದಂಡು ಕಳುಹಿಸಿದ. ಕಾಲಾಳು, ಕುದುರೆ ಸವಾರರು ನೆಲದ ಹಾದಿ ಹಿಡಿದರೆ, ಒಮರ್ ಎಂಬ ಸೇನಾನಿಯ ಯುದ್ಧನೌಕೆಗಳು ಸಮುದ್ರದ ಮೂಲಕ ಬಂದವು. ಅಕ್ಕಿ ತುಂಬಿದ ಹಡಗುಗಳು ಅವುಗಳ ಹಿಂದಿದ್ದವು.

ಈ ಯುದ್ಧದ ಹಣೆಬರಹ ನಿರ್ಧಾರವಾದದ್ದು ಆ ಅಕ್ಕಿಯಿಂದಲೇ ಎನ್ನಬೇಕು. ವಾನ್ ಡಾನ್ ಬಳಿ ಒಮರ್‌ನನ್ನು ತಡೆಯಲು ಹೋದ ಟ್ರಾನ್ ಖಾನ್ ಡು ಸೋತುಹೋದ. ಶಿಕ್ಷಿಸಲು ರಾಜಾಜ್ಞೆ ಬಂದಾಗ, ಕೆಲವು ದಿನ ಅವಕಾಶ ಕೊಡಿ ಎಂದು ಬೇಡಿಕೊಂಡನಂತೆ. ಯುದ್ಧನೌಕೆಗಳು ಮುಂದೆ ಸಾಗಿದ ಮೇಲೆ ಕಾವಲಿಲ್ಲದೆ ಬಂದ ಅಕ್ಕಿ ಹಡಗುಗಳ ಮೇಲೆ ಎರಗಿ ಅವನ್ನು ನಾಶಮಾಡಿದ. ಅತ್ತ ರಾಜಧಾನಿ ಥಾಂಗ್ ಲಾಂಗ್ (ಈಗಿನ ಹನೋಯ್) ತೋಘಾನ್‌ನ ಕೈಗೆ ಸಿಕ್ಕಿತು. ಆದರೆ ಅಲ್ಲಿ ಜನರೂ ಇರಲಿಲ್ಲ, ಧಾನ್ಯವೂ ಇರಲಿಲ್ಲ. ಹಸಿದ ಸೈನ್ಯ ಹಿಂದಿರುಗದೆ ಗತಿ ಇರಲಿಲ್ಲ.

ಒಮರ್‌ನ ನೌಕಾಪಡೆ ಬಾಕ್ ಡಾಂಗ್ ನದಿಯ ಮೂಲಕವೇ ಸಮುದ್ರ ಸೇರಬೇಕಿತ್ತು. ವಿಯೆಟ್ ಸೇನಾಪತಿ ಟ್ರಾನ್ ಹುಂಗ್ ಡಾವೊ ಅಲ್ಲಿ ಮೊದಲೇ ಚೂಪಾದ ಮರದ ಗೂಟಗಳನ್ನು ನದಿಯ ತಳದಲ್ಲಿ ನೆಡಿಸಿದ್ದ. ಉಪಾಯ ಹೊಸದಲ್ಲ, 938ರಲ್ಲಿ ನ್ಗೊ ಕ್ವಿಯೆನ್ ಇದೇ ನದಿಯಲ್ಲಿ ಚೀನಾದ ದಕ್ಷಿಣ ಹಾನ್ ರಾಜ್ಯದ ಹಡಗುಗಳನ್ನು ಹೀಗೆಯೇ ಕೆಡವಿದ್ದ. ಇದು ಫಲಿಸಲು ಅಲ್ಲಿನ ಸಮುದ್ರವೂ ಕಾರಣ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಸಲ ಉಬ್ಬರ ಬಂದರೆ, ಟಾಂಕಿನ್ ಕೊಲ್ಲಿಯಲ್ಲಿ ಸಾಮಾನ್ಯವಾಗಿ ಒಂದೇ ಸಲ. ಏರಿಳಿತದ ಅಂತರ ಕೆಲವು ದಿನ 3 ಮೀಟರಿಗೂ ಹೆಚ್ಚು. ಹೊತ್ತು ತಿಳಿದವನಿಗೆ ನದಿಯೇ ಬಲೆ.

1288ರ ಏಪ್ರಿಲ್ 9ರಂದು, ಗೂಟಗಳು ನೀರಿನಡಿ ಮುಳುಗಿದ್ದಾಗ, ವಿಯೆಟ್ ದೋಣಿಗಳು ಕಾದಾಡಿದಂತೆ ಮಾಡಿ ಓಡತೊಡಗಿದವು. ಒಮರ್ ಬೆನ್ನಟ್ಟಿದ. ನೀರು ಇಳಿಯುತ್ತಿದ್ದಂತೆ ಭಾರದ ಹಡಗುಗಳು ಗೂಟಗಳಿಗೆ ಸಿಕ್ಕಿ ನಿಂತವು. ಹಗುರ ದೋಣಿಗಳು ಆಗ ತಿರುಗಿ ಬಿದ್ದವು. ಒಮರ್ ಸೆರೆಯಾದ, ನೆಲದ ಹಾದಿಯಲ್ಲಿ ಹೊರಟಿದ್ದ ತೋಘಾನ್ ಹೊಂಚುದಾಳಿಗಳಿಂದ ಪಾರಾಗಿ ಗಡಿ ದಾಟಿದ. ತಂದೆ ಅವನನ್ನು ಮತ್ತೆ ಆಸ್ಥಾನಕ್ಕೆ ಸೇರಿಸಲಿಲ್ಲ. 2019ರಲ್ಲಿ ಹೈಫಾಂಗ್ ಬಳಿಯ ಕಾವೊ ಕ್ವಿಯಲ್ಲಿ ನೆಲ ಅಗೆದಾಗ ಸಿಕ್ಕ ಗೂಟಗಳನ್ನು ಪರೀಕ್ಷಿಸಿದ ತಜ್ಞರು ಅವು ಈ ಯುದ್ಧದ ಕಾಲದವೆಂದು ಅಂದಾಜಿಸಿದ್ದಾರೆ.

ಗೆದ್ದ ಟ್ರಾನ್ ಅರಸರು ಬೀಗಲಿಲ್ಲ. ಅದೇ ವರ್ಷ ಕುಬ್ಲಾನ ಬಳಿಗೆ ಕಪ್ಪದೊಂದಿಗೆ ದೂತರನ್ನು ಅಟ್ಟಿದರು. ಇದು ಹೇಡಿತನವಲ್ಲ, ಸಾಮ್ರಾಜ್ಯ ಇನ್ನೊಂದು ಸೈನ್ಯ ಕಟ್ಟಬಲ್ಲದು, ತಮಗೆ ಇನ್ನೊಂದು ಯುದ್ಧ ಕಷ್ಟವೆಂಬುದು ಅವರಿಗೆ ಗೊತ್ತಿತ್ತು. ಕುಬ್ಲಾ ನಾಲ್ಕನೆಯ ದಂಡಯಾತ್ರೆಗೆ ಸಿದ್ಧತೆ ನಡೆಸಿದ್ದೂ ನಿಜ. 1294ರಲ್ಲಿ ಅವನು ತೀರಿಕೊಂಡ ಮೇಲೆ ಪಟ್ಟಕ್ಕೆ ಬಂದ ಮೊಮ್ಮಗ ತೆಮೂರ್ ಅದನ್ನು ಕೈಬಿಟ್ಟ.