ಹೇರಿನ ಆಯದಿಂದ ಶೇಕಡಾ ಎರಡರವರೆಗೆ: ಮುನವಳ್ಳಿ ಸೀಮೆಯ ವ್ಯಾಪಾರದಲ್ಲಿ ಊರಿನ ಪಾಲು

ಸಕ್ಕರೆ ಉದ್ಯಮದ ಕಾಗದಪತ್ರಗಳಲ್ಲಿ ಬೆಳಗಾವಿ ಜಿಲ್ಲೆಯ ಸವದತ್ತಿ ಸೀಮೆಯ ಮುನವಳ್ಳಿಯನ್ನು ಹುಡುಕುವವರು ‘ಮುನೋಳಿ’ ಎಂಬ ಹೆಸರಿನಲ್ಲಿ ಹುಡುಕಬೇಕು. ಶ್ರೀ ರೇಣುಕಾ ಶುಗರ್ಸ್ ಕಂಪನಿ 1998ರಲ್ಲಿ ಹಿಂದೂಪುರದ ನಿಜಾಮ್ ಶುಗರ್ಸ್ ಘಟಕವೊಂದನ್ನು ಕೊಂಡು, ಯಂತ್ರಗಳನ್ನು ಬಿಚ್ಚಿ ತಂದು ಜೋಡಿಸಿದ್ದು ಇಲ್ಲಿ. ನವಿಲುತೀರ್ಥದ ಅಣೆಕಟ್ಟಿನ ನೀರು ಹತ್ತಿರವಿತ್ತು, ಕಬ್ಬಿತ್ತು. ಹೆಸರಿಗೆ ಸವದತ್ತಿ ಗುಡ್ಡದ ತಾಯಿ ರೇಣುಕಾ ಯಲ್ಲಮ್ಮನೇ ಇದ್ದಳು. ಇಂಥ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ, ಅಂದರೆ ಈಗ ಎಲ್ಲರೂ ಸಿಎಸ್‌ಆರ್ ಎನ್ನುವ ಸಂಗತಿ, ಈ ನೆಲಕ್ಕೆ 2013ರ ಕಂಪನಿ ಕಾಯಿದೆಯೊಂದಿಗೆ ಬಂತು ಎಂಬ ಮಾತು ಚಾಲ್ತಿಯಲ್ಲಿದೆ. ಸವದತ್ತಿ ಸೀಮೆಯ ಮಟ್ಟಿಗೆ ಅದು ಒಪ್ಪತಕ್ಕದ್ದಲ್ಲ. ವ್ಯಾಪಾರದಲ್ಲಿ ಊರಿಗೊಂದು ಪಾಲಿದೆ ಎಂಬ ತಿಳಿವಳಿಕೆ ಇಲ್ಲಿ ಎಂಟುನೂರು ವರ್ಷಕ್ಕಿಂತ ಹಳೆಯದು. ಕಾಯಿದೆ ಬದಲಿಸಿದ್ದು ಆ ಪಾಲನ್ನು ಲೆಕ್ಕ ಹಾಕುವ ಬಗೆಯನ್ನು.

ಸವದತ್ತಿ, ಅಂದಿನ ಸುಗಂಧವರ್ತಿ, ಕೂಂಡಿ ಮೂರುಸಾವಿರವನ್ನು ಆಳಿದ ರಟ್ಟರ ರಾಜಧಾನಿ. ಮುಂದೆ ಅವರು ವೇಣುಗ್ರಾಮಕ್ಕೆ, ಇಂದಿನ ಬೆಳಗಾವಿಗೆ, ಸರಿದರು. ರಟ್ಟರ ನಾಲ್ಕನೆಯ ಕಾರ್ತವೀರ್ಯನ ಕಾಲದ, ಶಕವರ್ಷ 1127ರ (ಕ್ರಿ.ಶ. 1204) ಬೆಳಗಾವಿಯ ಎರಡು ಕನ್ನಡ ಶಾಸನಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ರಟ್ಟ ಜಿನಾಲಯಕ್ಕೆ ಅರಸ ಕೊಟ್ಟ ದತ್ತಿಯ ಜತೆಗೆ ವರ್ತಕರು ಕೂಡಿ ಒಪ್ಪಿಕೊಂಡ ಆಯಗಳೂ ಅವುಗಳಲ್ಲಿ ದಾಖಲಾಗಿವೆ. ಹಾಗೆ ಕೂಡಿದವರಲ್ಲಿ ಮುಮ್ಮುರಿದಂಡಗಳೆಂಬ ವರ್ತಕ ಕೂಟದವರಿದ್ದರು, ಲಾಳದೇಶದಿಂದಲೂ ಮಲೆಯಾಳದಿಂದಲೂ ಬಂದು ನೆಲೆಸಿದ ಪರಸ್ಥಳದ ವ್ಯಾಪಾರಿಗಳೂ ಇದ್ದರು. ಹೊರಗಿನಿಂದ ಬಂದವನು ಇಲ್ಲಿ ಅಂಗಡಿ ತೆರೆದ ಮೇಲೆ ಇಲ್ಲಿಯ ಗುಡಿ-ಬಸದಿಗಳ ಖರ್ಚಿಗೂ ಹೆಗಲು ಕೊಡಬೇಕಿತ್ತು.

ಆಯ ಬೀಳುತ್ತಿದ್ದುದು ಸರಕಿನ ಮೇಲೆ. ಎಲೆಯ ಹೇರಿಗಿಷ್ಟು, ಧಾನ್ಯದ ಹೇರಿಗಿಷ್ಟು, ಎಣ್ಣೆಯ ಗಾಣಕ್ಕಿಷ್ಟು: ಈ ಕಾಲದ ವರ್ತಕ ಶಾಸನಗಳ ಸಾಮಾನ್ಯ ಧಾಟಿಯೇ ಇದು. ವ್ಯಾಪಾರಿಗೆ ಆ ವರ್ಷ ಲಾಭವಾಯಿತೋ ನಷ್ಟವಾಯಿತೋ ಎಂದು ಕೇಳುವ ಪದ್ಧತಿ ಇರಲಿಲ್ಲ. ಪೇಟೆಗೆ ಹೇರು ಇಳಿದರೆ ಆಯ ಸಲ್ಲಬೇಕು. ಇದರಲ್ಲಿ ಭಕ್ತಿಯಷ್ಟೇ ವ್ಯವಹಾರವೂ ಇತ್ತೆಂದು ನನ್ನ ಗ್ರಹಿಕೆ. ಗುಡಿ ಇದ್ದಲ್ಲಿ ಜಾತ್ರೆ, ಜಾತ್ರೆ ಇದ್ದಲ್ಲಿ ಸಂತೆ. ಕೊಟ್ಟದ್ದು ಗಿರಾಕಿಯ ರೂಪದಲ್ಲಿ ಮರಳುತ್ತಿತ್ತು. ಯಲ್ಲಮ್ಮನ ಗುಡ್ಡದ ಹುಣ್ಣಿಮೆಯ ಜಾತ್ರೆಗೆ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮುಂದಿನ ಶತಮಾನಗಳನ್ನು ದಾಟಿ ನೇರ ಶಿರಸಂಗಿಗೆ ಬರುತ್ತೇನೆ. ಸವದತ್ತಿ ಸೀಮೆಯದೇ ಊರು. ದೇಸಾಯಿ ಲಿಂಗರಾಜರು (1861–1906) ತಮ್ಮ ಸಂಸ್ಥಾನದ ಆಸ್ತಿಯನ್ನು ತಮ್ಮ ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆಂದು ಬರೆದಿಟ್ಟರು. ಅವರು ವ್ಯಾಪಾರಸ್ಥರಲ್ಲ, ದೇಸಗತಿಯವರು. ಆ ದತ್ತಿಯೂ ಒಂದು ಸಮುದಾಯಕ್ಕೆ ಮೀಸಲಾಗಿತ್ತು. ಆದರೂ ಬೆಳಗಾವಿ ಜಿಲ್ಲೆಯ ದಾನದ ದಿಕ್ಕು ಗುಡಿಯಿಂದ ಶಾಲೆಯ ಕಡೆ ಹೊರಳಿದ್ದನ್ನು ಗುರುತಿಸಲು ಇದಕ್ಕಿಂತ ಸ್ಪಷ್ಟವಾದ ಕುರುಹು ನನಗೆ ಸಿಕ್ಕಿಲ್ಲ. 1916ರಲ್ಲಿ ಏಳು ಜನ ಶಿಕ್ಷಕರು ಕಟ್ಟಿದ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆ 1933ರಲ್ಲಿ ಬೆಳಗಾವಿಯಲ್ಲಿ ತೆರೆದ ಕಾಲೇಜಿಗೆ ಲಿಂಗರಾಜರ ಹೆಸರಿಟ್ಟಿತು. ಅದೇ ಸಂಸ್ಥೆ 1947ರಲ್ಲಿ ಹುಬ್ಬಳ್ಳಿಯಲ್ಲಿ ಆರಂಭಿಸಿದ ಎಂಜಿನಿಯರಿಂಗ್ ಕಾಲೇಜಿಗೆ ದಾನಿ ಬಿ.ವಿ. ಭೂಮರಡ್ಡಿಯವರ ಹೆಸರು ಬಂತು. ಇವರಾರಿಗೂ ಕೊಡಬೇಕೆಂಬ ಕಾನೂನಿರಲಿಲ್ಲ.

ಕಾನೂನು ಬಂದದ್ದು 2013ರಲ್ಲಿ. ಕಂಪನಿ ಕಾಯಿದೆಯ 135ನೆಯ ಕಲಮು 2014ರ ಏಪ್ರಿಲ್ 1ರಿಂದ ಜಾರಿಗೆ ಬಂತು. 500 ಕೋಟಿ ರೂಪಾಯಿ ನಿವ್ವಳ ಸಂಪತ್ತು, 1,000 ಕೋಟಿ ವಹಿವಾಟು, ಇಲ್ಲವೆ 5 ಕೋಟಿ ನಿವ್ವಳ ಲಾಭ: ಈ ಮೂರರಲ್ಲಿ ಒಂದನ್ನು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜಕ್ಕೆ ವೆಚ್ಚ ಮಾಡಬೇಕು. ತಾನು ಕೆಲಸ ಮಾಡುವ ಆಸುಪಾಸಿನ ಪ್ರದೇಶಕ್ಕೆ ಆದ್ಯತೆ ಕೊಡಬೇಕು ಎಂಬ ಮಾತೂ ಅದರಲ್ಲಿದೆ.

ಹೇರಿನ ಲೆಕ್ಕ ಲಾಭದ ಲೆಕ್ಕವಾದಾಗ ಏನು ಬದಲಾಯಿತು? ಮುನವಳ್ಳಿಯಲ್ಲಿ ಆರಂಭವಾದ ಕಂಪನಿಯ ಕಥೆಯೇ ಇದಕ್ಕೆ ಒಳ್ಳೆಯ ಪಾಠ. ಅದು 2010ರಲ್ಲಿ ಬ್ರೆಜಿಲ್‌ನ ಸಕ್ಕರೆ ಕಂಪನಿಗಳನ್ನು ಕೊಂಡಿತು. ಮುಂದೆ ಸಾಲ, ನಷ್ಟ. 2018ರ ಹೊತ್ತಿಗೆ ಒಡೆತನ ಸಿಂಗಪುರದ ವಿಲ್ಮಾರ್ ಕೈಗೆ ಹೋಯಿತು. ಸರಾಸರಿ ಲಾಭವೇ ಇಲ್ಲದ ವರ್ಷಗಳಲ್ಲಿ ಕಾಯಿದೆ ಯಾವ ಕಂಪನಿಯಿಂದಲೂ ಒಂದು ರೂಪಾಯಿ ಕೇಳುವುದಿಲ್ಲ. ಆಗಲೂ ಹಂಗಾಮು ನಡೆಯುತ್ತದೆ, ಟ್ರ್ಯಾಕ್ಟರುಗಳು ಊರ ರಸ್ತೆಯ ಮೇಲೇ ಹಾಯುತ್ತವೆ, ಕಬ್ಬು ಕಡಿಯುವ ಗ್ಯಾಂಗುಗಳು ಬಂದು ಗುಡಿಸಲು ಹಾಕುತ್ತವೆ. ಆ ಗ್ಯಾಂಗಿನ ಮಕ್ಕಳಿಗೆ ಓದು ಸಿಗಲೆಂದು ಇದೇ ಕಂಪನಿಯ ಪ್ರತಿಷ್ಠಾನ ಶಾಲೆ ನಡೆಸಿದೆ, ಅದೂ ಶೇಕಡಾ ಎರಡರ ಕಾಯಿದೆ ಬರುವ ಮುಂಚೆಯೇ. ಪಾಲಕರು ಹಂಗಾಮಿಗೊಂದು ಊರು ಅಲೆಯುವಾಗ ಮಗುವಿನ ವರ್ಷವೇ ಹಾಳಾಗುತ್ತದೆ. ಯಾವ ಖರ್ಚು ಎಲ್ಲಿ ಬೇಕು ಎಂಬುದು ಕಾರ್ಖಾನೆಯ ಗೇಟಿನಲ್ಲಿ ನಿಂತವರಿಗೆ ಕಾಣುವಷ್ಟು ದೂರದ ಕಚೇರಿಗೆ ಕಾಣುವುದಿಲ್ಲ.

ಉದ್ಯಮಕ್ಕೆ ಇಂಥ ಖರ್ಚಿನಿಂದ ಏನು ಲಾಭ ಎಂದು ಕೇಳುವವರು ಕಬ್ಬಿನ ಗುಣವನ್ನು ನೆನೆಯಬೇಕು. ಕಡಿದ ಕಬ್ಬು ಬಿಸಿಲಿಗೆ ಬಿದ್ದರೆ ತೂಕವೂ ಇಳಿಯುತ್ತದೆ, ಸಕ್ಕರೆಯ ಅಂಶವೂ ಇಳಿಯುತ್ತದೆ. ಹಾಗಾಗಿ ಕಾರ್ಖಾನೆ ತನ್ನ ಸುತ್ತಲಿನ ಹೊಲಗಳನ್ನೇ ನೆಚ್ಚಬೇಕು. ಜಿಲ್ಲೆಯಲ್ಲಿ ಎರಡು ಡಜನ್‌ಗೂ ಹೆಚ್ಚು ಕಾರ್ಖಾನೆಗಳು ಪೈಪೋಟಿಯಲ್ಲಿ ನುರಿಸುವಾಗ, ನಂಬಿಕೆ ಕಳೆದುಕೊಂಡವರ ಗೇಟಿಗೆ ಕಬ್ಬು ಬರುವುದಿಲ್ಲ. ರೇಣುಕಾ ಕಂಪನಿ ಆರಂಭದಲ್ಲಿ ರೈತರನ್ನೇ ಷೇರುದಾರರನ್ನಾಗಿ ಮಾಡಿಕೊಂಡದ್ದು ಈ ಅರಿವಿನಿಂದಲೇ ಇರಬೇಕು.

ಆದರೆ ರೈತ ಹೊಣೆಗಾರಿಕೆಯನ್ನು ಮೊದಲು ಅಳೆಯುವುದು ತೂಕದ ಕಾಟಾದಲ್ಲಿ ಮತ್ತು ಬಿಲ್ಲಿನಲ್ಲಿ. 1966ರ ಕಬ್ಬು ನಿಯಂತ್ರಣ ಆದೇಶದಂತೆ ಕಬ್ಬು ತಲುಪಿದ 14 ದಿನದೊಳಗೆ ಹಣ ಸಲ್ಲಬೇಕು. ತಡವಾದರೆ ವರ್ಷಕ್ಕೆ ಶೇ. 15 ಬಡ್ಡಿ. ಸಿಎಸ್‌ಆರ್ ನಿಯಮಗಳು ದೈನಂದಿನ ವ್ಯವಹಾರವನ್ನು ಸಾಮಾಜಿಕ ವೆಚ್ಚವೆಂದು ಎಣಿಸುವುದಿಲ್ಲ, ಅದು ಸರಿಯೇ. ಹಾಗೆಂದು ಬಾಕಿ ಉಳಿಸಿಕೊಂಡು ಶಾಲೆಗೆ ಬೆಂಚು ಕೊಟ್ಟರೆ ಅದನ್ನು ಉಪಕಾರ ಎನ್ನಲಾಗದು. ಕಂಪನಿ ಕಾಯಿದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 2013ರ ಆಗಸ್ಟ್‌ನಲ್ಲಿ. ಅದೇ ವರ್ಷದ ನವೆಂಬರ್‌ನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದ ಬಳಿ, ಕಬ್ಬಿನ ದರಕ್ಕಾಗಿ ನಡೆದ ಹೋರಾಟದಲ್ಲಿ ಬೆಳೆಗಾರರೊಬ್ಬರು ಪ್ರಾಣ ಬಿಟ್ಟರು. ಈ ಎರಡು ದಿನಾಂಕಗಳನ್ನು ಒಟ್ಟಿಗೆ ಇಟ್ಟು ಓದದ ಸಿಎಸ್‌ಆರ್ ಚರಿತ್ರೆ ಈ ಜಿಲ್ಲೆಯಲ್ಲಿ ಅರ್ಧ ಚರಿತ್ರೆ.

ಇನ್ನೊಂದು ವ್ಯತ್ಯಾಸವನ್ನು ಹೇಳಿ ನಿಲ್ಲಿಸುತ್ತೇನೆ. ಮುನವಳ್ಳಿಯ ಪಂಚಲಿಂಗೇಶ್ವರ ಗುಡಿಯಲ್ಲಿ ಸೇವುಣ ಅರಸ ಸಿಂಘಣನ ಕಾಲದ ಶಾಸನವಿದೆ. ದತ್ತಿಯ ವಿವರವನ್ನು ಕಲ್ಲಿಗೆ ಹತ್ತಿಸಿ ಜನ ಓಡಾಡುವಲ್ಲಿ ನಿಲ್ಲಿಸುವುದು ಅಂದಿನ ರೂಢಿ. ತಪ್ಪಿದರೆ ಕೇಳುವವರಿಗೆ ಆ ಕಲ್ಲೇ ಸಾಕ್ಷಿ. ಇಂದು ಕಂಪನಿ ತನ್ನ ಸಿಎಸ್‌ಆರ್ ಯೋಜನೆಗಳನ್ನು ಜಾಲತಾಣದಲ್ಲಿ ಪ್ರಕಟಿಸಬೇಕೆಂದು 2021ರ ತಿದ್ದುಪಡಿ ಹೇಳುತ್ತದೆ. ಪ್ರಕಟಣೆ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ, ವಾರ್ಷಿಕ ವರದಿಯ ಅನುಬಂಧವಾಗಿ ಇರುತ್ತದೆ. ಈ ಸೀಮೆಯ ಸಕ್ಕರೆ ಕಾರ್ಖಾನೆಗಳವರು ಆ ಪುಟವನ್ನು ಕನ್ನಡಕ್ಕೆ ತಂದು, ಯಾವ ಊರಿಗೆ ಎಷ್ಟು ಎಂದು ಬರೆಸಿ, ಪ್ರತಿ ಹಂಗಾಮಿನ ಆರಂಭಕ್ಕೆ ಸುತ್ತಲಿನ ಪಂಚಾಯಿತಿ ಕಟ್ಟಡಗಳ ಗೋಡೆಗೆ ಹಾಕಿಸಲಿ.