ಮೂರು ಹಿಡಿ ಮಣ್ಣು (ಇತಿಹಾಸ ಸರಣಿ, ಭಾಗ 9)

ಬಿಕಾಂ ಓದೋಳಿಗೆ ಫಂಗಸ್ ಉಸಾಬರಿ ಯಾಕೆ ಅಂದ್ಕೊಂಡ್ರಾ? ನಮ್ಮಜ್ಜಿ ನಮ್ಮ ಸೋದರಮಾವನಿಗೆ ಒಂದು ಕಿಡ್ನಿ ಕೊಟ್ಟಿದ್ರು. ಆರು ತಿಂಗಳಾದ್ಮೇಲೆ ಮಾವನಿಗೆ ಒಣಕೆಮ್ಮು. ಜ್ವರ ಅಷ್ಟೇನಿಲ್ಲ. ಮೆಡಿಕಲ್ ಶಾಪ್‌ನಿಂದ ಸಿರಪ್ ತಂದು ಹತ್ತು ದಿನ ಸುಮ್ನಿದ್ವಿ. ಅದು ಶ್ವಾಸಕೋಶಕ್ಕೆ ಹತ್ತಿದ ಫಂಗಸ್. ಆಮೇಲೆ ಕೂತು ಓದಿದ್ದು ಈ ಕಥೆ.

ಮೊದಲ ಹಿಡಿ: 1954ರಲ್ಲಿ ಬೋಸ್ಟನ್‌ನಲ್ಲಿ ಡಾ. ಜೋಸೆಫ್ ಮರ್ರೆ ಮೊದಲ ಯಶಸ್ವಿ ಕಿಡ್ನಿ ಕಸಿ ಮಾಡಿದ್ರು. ಕೊಟ್ಟವರು, ಪಡೆದವರು ತದ್ರೂಪಿ ಅವಳಿಗಳು, ಹಾಗಾಗಿ ದೇಹ ತಕರಾರು ಮಾಡಲಿಲ್ಲ. ಬೇರೆಯವರಿಗೆ ರೋಗನಿರೋಧಕ ಶಕ್ತಿ ತಗ್ಗಿಸೋ ಔಷಧ ಬೇಕಿತ್ತು; ಇದ್ದವು ಸಾಲ್ತಿರಲಿಲ್ಲ. 1969ರಲ್ಲಿ ನಾರ್ವೆಯಿಂದ ಸ್ಯಾಂಡೋಜ್ ಕಂಪನಿಗೆ ತಂದ ಮಣ್ಣಲ್ಲಿದ್ದ ಒಂದು ಫಂಗಸ್‌ನಿಂದ ಸೈಕ್ಲೋಸ್ಪೋರಿನ್ ಸಿಕ್ತು. 1983ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ತು.

ಆದ್ರೆ ಲೆಡ್ಜರ್‌ಗೆ ಎರಡು ಕಡೆ ಇರುತ್ತಲ್ವಾ? ಕಾವಲುಗಾರನನ್ನ ಮಲಗಿಸಿದ್ರೆ ಕಳ್ಳನಿಗೂ ದಾರಿ. ನಾವೆಲ್ಲ ದಿನಾ ಉಸಿರಲ್ಲಿ ಎಳ್ಕೊಳ್ಳೋ ಆಸ್ಪರ್ಜಿಲಸ್ ಕಣಗಳು ಮಾವನಂಥವರ ಪ್ರಾಣಕ್ಕೇ ಕುತ್ತು.

ಎರಡನೇ ಹಿಡಿ: ಎಲಿಜಬೆತ್ ಹೇಜನ್ ನ್ಯೂಯಾರ್ಕ್‌ನಲ್ಲಿ, ರೇಚೆಲ್ ಬ್ರೌನ್ ಆಲ್ಬನಿಯಲ್ಲಿ. ಇಬ್ಬರ ಮಧ್ಯೆ ಗಾಜಿನ ಜಾಡಿಗಳು ಅಂಚೆಯಲ್ಲೇ ಓಡಾಡ್ತಿದ್ವು. ಗೆಳೆಯರೊಬ್ಬರ ಹೊಲದ ಮಣ್ಣಿನಿಂದ ನಿಸ್ಟಾಟಿನ್ ಸಿಕ್ತು. 1950ರಲ್ಲಿ ಜಗತ್ತಿಗೆ ತಿಳಿಸಿದ್ರು. ರಾಯಲ್ಟಿ 1.3 ಕೋಟಿ ಡಾಲರ್ ದಾಟಿದ್ರೂ ತಮಗೆ ಒಂದು ಪೈಸೆ ಇಟ್ಕೊಳ್ಳದೆ ಸಂಶೋಧನೆಗೇ ಬಿಟ್ಟರು. ಬಾಯಿಯ ಫಂಗಸ್‌ಗೆ ಇವತ್ತಿಗೂ ಅದನ್ನ ಕೊಡ್ತಾರೆ.

ಮೂರನೇ ಹಿಡಿ: ವೆನೆಜುವೆಲಾದ ಒರಿನೋಕೊ ನದಿ ಸೀಮೆಯದು. 1950ರ ದಶಕದಲ್ಲಿ ಅದರಿಂದ ಆಂಫೋಟೆರಿಸಿನ್ ಬಿ ಬಂತು. 2021ರಲ್ಲಿ ಬ್ಲ್ಯಾಕ್ ಫಂಗಸ್ ಬಂದಾಗ ನಮ್ಮೂರುಗಳಲ್ಲಿ ಜನ ಅಲೆದಾಡಿ ಹುಡುಕಿದ್ದು ಇದೇ ಇಂಜೆಕ್ಷನ್. ಒಂದೇ ಕಷ್ಟ, ಕಿಡ್ನಿಗೇ ಪೆಟ್ಟು ಕೊಡುತ್ತೆ. ಕೊಬ್ಬಿನ ಸಣ್ಣ ಗುಳ್ಳೆಗಳಲ್ಲಿ ಸೇರಿಸಿದ ಲಿಪೋಸೋಮಲ್ ರೂಪ ಬಂದ್ಮೇಲೆ ಆ ಪೆಟ್ಟು ಕಡಿಮೆಯಾಯ್ತು.

ಮಾವನ ರಕ್ತದ ಕಲ್ಚರ್‌ನಲ್ಲಿ ಏನೂ ಬೆಳೀಲಿಲ್ಲ. ಆಸ್ಪರ್ಜಿಲಸ್ ರಕ್ತದಲ್ಲಿ ಸಿಗೋದೇ ಅಪರೂಪ. ಸಿಟಿ ಸ್ಕ್ಯಾನ್‌ನಲ್ಲಿ ಗಂಟು ಕಂಡ್ತು. ಶ್ವಾಸಕೋಶದಿಂದ ತೆಗೆದ ನೀರಲ್ಲಿ ಗ್ಯಾಲಕ್ಟೊಮ್ಯಾನನ್ ಟೆಸ್ಟ್ ಪಾಸಿಟಿವ್. 2002ರಲ್ಲಿ ಬಂದ ವೊರಿಕೊನಜೋಲ್ ಶುರು ಮಾಡಿದ್ರು. ಅದು ಕಸಿಯ ಮಾತ್ರೆಯ ಮಟ್ಟವನ್ನ ರಕ್ತದಲ್ಲಿ ಏರಿಸುತ್ತೆ, ಅದಕ್ಕೆ ಆ ಮಾತ್ರೆ ಇಳಿಸಿ, ಪದೇ ಪದೇ ರಕ್ತ ಪರೀಕ್ಷೆ. ಫಂಗಸ್ ಸಾಯಬೇಕು, ಅಜ್ಜಿ ಕೊಟ್ಟ ಕಿಡ್ನಿ ಉಳೀಬೇಕು.

ಎರಡೂ ಆಯ್ತು. ಮಾವ ಈಗ ಅಂಗಡಿಗೆ ಹೋಗ್ತಿದ್ದಾರೆ. ಆ ಹತ್ತು ದಿನದ ಸಿರಪ್ ನೆನೆಸ್ಕೊಂಡ್ರೆ ಮಾತ್ರ ಅಮ್ಮ ಇವತ್ತಿಗೂ ಅಳ್ತಾರೆ. ನಿಮ್ಮ ಮನೇಲಿ ಯಾರಿಗಾದ್ರೂ ಕಸಿ ಆಗಿದ್ರೆ, ಸಣ್ಣ ಕೆಮ್ಮಿಗೂ ಮೊದಲ ಫೋನ್ ಅವರ ಡಾಕ್ಟರಿಗೆ ಮಾಡಿ. ಅಂಥವರು ಗೊತ್ತಿದ್ರೆ ಇದನ್ನ ಕಳಿಸಿ.