ಗುಜರಿಯಿಂದ ಎದ್ದ ಗಾಡಿ: ಹರಿಹರದ ಲೇತ್ ಮತ್ತು ಒಂದು ರಾಕ್ ಕ್ರಾಲರ್

ಇಯರ್‌ಫೋನ್ ಹಾಕ್ಕೊಂಡ್ರಾ? ಇವತ್ತಿನ ಕಥೆ ಒಂದು ಸಣ್ಣ ಬುಷ್‌ನದು. ಬೆರಳ ತುದಿಯಲ್ಲಿ ಕೂರುವಷ್ಟು ಹಿತ್ತಾಳೆ.

ಮೊದಲು ರಾಕ್ ಕ್ರಾಲರ್ ಅಂದ್ರೆ ಏನು ಅಂತ ಹೇಳ್ತೀನಿ. ರಿಮೋಟ್ ಕಾರು ಅಂದ ಕೂಡಲೇ ನಮಗೆ ಸ್ಪೀಡ್ ನೆನಪಾಗುತ್ತೆ. ಕ್ರಾಲರ್ ಅದರ ಉಲ್ಟಾ. ಬಂಡೆ ಮೇಲೆ ಆಮೆ ಥರ, ನಿಧಾನಕ್ಕೆ ಹತ್ತುವ ಗಾಡಿ. ಇದರ ಗುಟ್ಟು ಗೇರಿನಲ್ಲಿದೆ. 15 ಹಲ್ಲಿನ ಚಿಕ್ಕ ಗೇರು 60 ಹಲ್ಲಿನ ದೊಡ್ಡ ಗೇರನ್ನು ತಿರುಗಿಸಿದರೆ ವೇಗ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತೆ, ತಿರುಗಿಸುವ ಬಲ ಹೆಚ್ಚೂಕಮ್ಮಿ ನಾಲ್ಕು ಪಟ್ಟಾಗುತ್ತೆ. ಜೊತೆಗೆ ಡಿಫರೆನ್ಷಿಯಲ್ ಲಾಕ್ ಮಾಡಿರ್ತಾರೆ. ಇಲ್ಲದಿದ್ರೆ ಒಂದು ಚಕ್ರ ಗಾಳಿಯಲ್ಲಿ ಎದ್ದಾಗ ಅದೊಂದೇ ಗರಗರ ತಿರುಗುತ್ತೆ, ಗಾಡಿ ನಿಂತಲ್ಲೇ ನಿಲ್ಲುತ್ತೆ.

ದೂರದಿಂದ ನಿಯಂತ್ರಿಸುವ ಆಟ ಹಳೆಯದು. 1898ರಲ್ಲಿ ನಿಕೋಲಾ ಟೆಸ್ಲಾ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಒಂದು ಪುಟ್ಟ ದೋಣಿಯನ್ನು ರೇಡಿಯೋ ತರಂಗದಿಂದ ಓಡಿಸಿ ತೋರಿಸಿದ್ರು. 1976ರಲ್ಲಿ ಜಪಾನಿನ ತಮಿಯಾ ಕಂಪನಿ ತನ್ನ ಮೊದಲ ಆರ್‌ಸಿ ಕಾರು, ಪೋರ್ಷೆ 934 ಮಾಡೆಲ್, ತಂತು. 1987ರಲ್ಲಿ ಅದೇ ಕಂಪನಿಯ ಕ್ಲಾಡ್ ಬಸ್ಟರ್ ಬಂತು. ಅದರ ಪ್ರತಿ ಆಕ್ಸಲ್ ಮೇಲೂ ಒಂದೊಂದು ಮೋಟಾರು. ಹವ್ಯಾಸಿಗಳು ಆ ಆಕ್ಸಲ್ ಬಿಚ್ಚಿ, ತಾವೇ ಕತ್ತರಿಸಿದ ಚಾಸಿಗೆ ಜೋಡಿಸಿ ಬಂಡೆ ಹತ್ತಿಸಿದ್ರು. ದೊಡ್ಡ ಕಂಪನಿಗಳ ರೆಡಿ ಕ್ರಾಲರ್ ಕಿಟ್‌ಗಳು ಜನಪ್ರಿಯವಾದದ್ದು ಆಮೇಲೆ. ಅಂದ್ರೆ ಈ ಗಾಡಿಯ ವಂಶವೇ ಬಿಡಿಭಾಗದ ವಂಶ.

ಈಗ ದಾವಣಗೆರೆಯ ಸರಸ್ವತಿ ನಗರಕ್ಕೆ ಬನ್ನಿ. ಇಲ್ಲಿ ಕ್ರಾಲರ್ ಕಟ್ಟೋಕೆ ಹೊರಟರೆ ಮೊದಲ ನಿಲ್ದಾಣ ಗುಜರಿ ಅಂಗಡಿ. ಕೆಟ್ಟ ಕಾರ್ಡ್‌ಲೆಸ್ ಡ್ರಿಲ್ ಮೆಷಿನ್ ಸಿಕ್ಕರೆ ಹಬ್ಬ; ಮೋಟಾರು, ಗೇರ್‌ಬಾಕ್ಸ್ ಎರಡೂ ಒಂದೇ ಕಡೆ. ತೊಂದರೆ ಶುರುವಾಗೋದು ಜೋಡಿಸುವಾಗ. ಈ ಸೈಜಿನ ಮೋಟಾರ್ ಶಾಫ್ಟ್ ಸಾಮಾನ್ಯವಾಗಿ 3.17 ಮಿ.ಮೀ. ಸಿಕ್ಕ ಗೇರಿನ ತೂತು 5 ಮಿ.ಮೀ. ನಡುವೆ ಒಂದು ಬುಷ್ ಬೇಕು, ಅದರ ಗೋಡೆಯ ದಪ್ಪ 1 ಮಿ.ಮೀ.ಗೂ ಕಮ್ಮಿ. ಸ್ವಲ್ಪ ಓರೆಯಾದ್ರೂ ಗೇರು ಹಲ್ಲು ಕಡಿಯುತ್ತೆ. ಇಂಥದ್ದನ್ನ ಮಾಡೋರು ಯಾರು? ಟರ್ನರ್.

ಟರ್ನರ್ ಅಂದಾಗ ನಮ್ಮ ಊರಲ್ಲಿ ಕಣ್ಣು ಹೋಗೋದು ಹರಿಹರದ ಕಡೆ. ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರಲ್ಲಿ, ಈಗಿನ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟರು. ಆಮೇಲೆ ಕಬ್ಬಿಣದ ನೇಗಿಲು, ಮೇವು ಕತ್ತರಿಸುವ ಯಂತ್ರ. ಬೆಳಗಾವಿಯ ಜಾಗ ಬಿಡಬೇಕಾಗಿ ಬಂದಾಗ ಔಂಧ್ ಸಂಸ್ಥಾನದ ರಾಜರು ಜಾಗ ಕೊಟ್ಟರು, 1910ರಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. 1941ರಲ್ಲಿ, ಎರಡನೇ ಮಹಾಯುದ್ಧದ ನಡುವೆ, ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಹುಟ್ಟಿತು. ಆಗ ತುಂಗಭದ್ರೆ ದಾಟಿದರೆ ಮುಂಬಯಿ ಪ್ರಾಂತ್ಯ, ಈಚೆ ಮೈಸೂರು ಸಂಸ್ಥಾನ. ಆ ಗಡಿ ಊರಲ್ಲಿ ತಯಾರಾದದ್ದು ಲೇತ್, ಅಂದ್ರೆ ಯಂತ್ರಗಳನ್ನು ಮಾಡುವ ಯಂತ್ರ.

2000ದ ನಂತರದ ವರ್ಷಗಳಲ್ಲಿ ಆ ಕಾರ್ಖಾನೆಯ ಸದ್ದು ನಿಂತುಹೋಯ್ತು. ಕೆಲಸ ಹೋದ ಮನೆಗಳ ಕಷ್ಟ ಹರಿಹರದವರಿಗೆ ನಾನು ಹೇಳಬೇಕಿಲ್ಲ.

ನಾನು ಬಿ.ಕಾಂ. ಓದಿದವನು. ನಮಗೆ ಡಿಪ್ರಿಸಿಯೇಷನ್ ಕಲಿಸ್ತಾರೆ: ಮೆಷಿನ್ ಬೆಲೆ ವರ್ಷ ವರ್ಷ ಇಳೀತಾ, ಕೊನೆಗೆ ಸ್ಕ್ರ್ಯಾಪ್ ವ್ಯಾಲ್ಯೂ ಉಳಿಯುತ್ತೆ. ಮೆಷಿನ್ ಮುಂದೆ ಮೂವತ್ತು ವರ್ಷ ನಿಂತವರ ಕೈಗೆ ಬ್ಯಾಲೆನ್ಸ್ ಶೀಟಿನಲ್ಲಿ ಕಾಲಮ್ಮೇ ಇಲ್ಲ. ಕಟ್ಟಡ, ಜಾಗ, ಲೇತ್ ಎಲ್ಲಕ್ಕೂ ರೇಟ್ ಕಟ್ಟಬಹುದು. ಹಿತ್ತಾಳೆ ಸುರುಳಿ ಸುರುಳಿಯಾಗಿ ಬೀಳುವ ಸದ್ದು ಕೇಳಿಯೇ "ಟೂಲ್ ಮೊಂಡಾಗಿದೆ" ಅನ್ನೋ ಕಿವಿಗೆ ಏನು ರೇಟ್?

ನಾನು ಬುಷ್ ಕೇಳಿದ್ದು ವಯಸ್ಸಾದ ಒಬ್ಬ ಟರ್ನರ್ ಹತ್ರ. "ಯಾವ ಸೈಜ್ ಬೇಕೋ ತಮ್ಮಾ? ಬಾಯಲ್ಲಿ ಹೇಳಬ್ಯಾಡ, ಡ್ರಾಯಿಂಗ್ ಬರಕೊಂಡು ಬಾ" ಅಂದ್ರು. ಬರೆದುಕೊಂಡು ಹೋದೆ. ಅಳತೆ ಪಕ್ಕದಲ್ಲಿ ಎಷ್ಟು ಹೆಚ್ಚುಕಮ್ಮಿ ಆದ್ರೆ ನಡೆಯುತ್ತೆ ಅನ್ನೋದನ್ನೂ ಬರೆಸಿದ್ರು. ಅವರ ಅಂಗಡಿಗೆ ಕಲಿಯೋಕೆ ಹುಡುಗರು ಬರೋದು ನಿಂತು ಬಹಳ ವರ್ಷ ಆಗಿದೆಯಂತೆ.

ನನ್ನನ್ನು ಕಾಡೋದು ಅದೇ. ಕಾರ್ಖಾನೆ ಒಮ್ಮೆ ಮುಚ್ಚಿತು. ಆ ಕೆಲಸ ಗೊತ್ತಿರುವ ಕೊನೆಯ ಕೈ ಸುಮ್ಮನಾದ ದಿನ ಎರಡನೇ ಸಲ ಮುಚ್ಚುತ್ತೆ. ಅದಕ್ಕೆ ಸುದ್ದಿಯೂ ಆಗಲ್ಲ.

ಹಾಗಾಗಿ ಒಂದು ಕೆಲಸ ಮಾಡಿ. ನಿಮ್ಮ ಏರಿಯಾದಲ್ಲಿ ಒಬ್ಬ ಟರ್ನರ್, ಫಿಟ್ಟರ್, ಮೋಲ್ಡರ್ ಕಾಕಾ ಇದ್ದೇ ಇರ್ತಾರೆ. ಒಂದು ಕೆಟ್ಟ ಪಾರ್ಟ್ ಹಿಡ್ಕೊಂಡು ಹೋಗಿ ಕೂತ್ಕೊಳ್ಳಿ. ಅವರು ಒಪ್ಪಿದರೆ ಫೋನಿನಲ್ಲಿ ರೆಕಾರ್ಡ್ ಮಾಡಿ. ಆಮೇಲೆ ಫೋನ್ ಜೇಬಿಗಿಟ್ಟು, ಒಂದು ಬುಷ್ ನೀವೇ ತಿರುವಿ ನೋಡಿ.